ಬ್ರೇಕಿನ ದೋಷವೂ ಗಾಡಿ ವಾಪಸು ಕರೆಯುವ ಕಾಯಿದೆಯೂ

(ಕಾಯಿ, ಕೊಬ್ಬರಿ ಸಾಗಿಸುವ ರೈತರಿಗಾಗಿ ಒಂದು ಪಾಠ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ನಮಗೆ ತೆಂಗೇ ಬದುಕು. ತೋಟದಲ್ಲಿ ಕೆಡವಿದ ಕಾಯಿ ಮನೆಗೆ ಬರಬೇಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗಬೇಕು. ಆಮೇಲೆ ತಿಪಟೂರಿನ ಮಾರುಕಟ್ಟೆ ಪ್ರಾಂಗಣ ಸೇರಬೇಕು. ಈ ಮೂರು ಹಂತಗಳಲ್ಲಿಯೂ ಸಾಗಾಣಿಕೆಯ ಕೆಲಸವಿದೆ. ಹಿಂದೆ ಅದನ್ನು ಎತ್ತಿನ ಗಾಡಿ ಮಾಡುತ್ತಿತ್ತು. ಇಂದು ಅದೇ ಕೆಲಸವನ್ನು ಪಿಕಪ್ ಗಾಡಿ, ಸಣ್ಣ ಲಾರಿ ಮತ್ತು ಟ್ರ್ಯಾಕ್ಟರಿನ ಟ್ರೇಲರು ಮಾಡುತ್ತಿವೆ. ಸಾಲ ತೆಗೆದು, ಒಡವೆ ಅಡವಿಟ್ಟು ಇಂಥ ಗಾಡಿ ಕೊಂಡ ಕುಟುಂಬಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ.

ಎತ್ತು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಆದರೆ ಐದಾರು ಲಕ್ಷ ರೂಪಾಯಿ ಕೊಟ್ಟು ತಂದ ಗಾಡಿಯ ಬ್ರೇಕು ಹೇಗೆ ಕೆಲಸ ಮಾಡುತ್ತದೆ, ಅದರಲ್ಲಿ ಕಾರ್ಖಾನೆಯ ದೋಷವೇ ಇದ್ದರೆ ಏನು ಮಾಡಬೇಕು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆದಕಾರಣ ಈ ಪಾಠದಲ್ಲಿ ಮೂರು ವಿಷಯಗಳನ್ನು ತಿಳಿಯೋಣ. ಒಂದು, ಬ್ರೇಕು ಕೆಲಸ ಮಾಡುವ ಬಗೆ. ಎರಡು, ದೋಷವುಳ್ಳ ಗಾಡಿಗಳನ್ನು ಕಂಪನಿಯು ವಾಪಸು ಕರೆದು ಸರಿಪಡಿಸಿಕೊಡುವ ಏರ್ಪಾಡು. ಮೂರು, ಈ ಬಗ್ಗೆ ಗಾಡಿಯ ಒಡೆಯನಾದ ರೈತನು ಮಾಡತಕ್ಕ ಕೆಲಸಗಳು.

1. ಬ್ರೇಕು ಕೆಲಸ ಮಾಡುವ ಬಗೆ

ಎತ್ತಿನ ಗಾಡಿ ಇಳಿಜಾರಿನಲ್ಲಿ ಇಳಿಯುವಾಗ ಚಕ್ರಕ್ಕೆ ಮರದ ತುಂಡನ್ನು ಒತ್ತಿ ವೇಗ ತಡೆಯುತ್ತಿದ್ದುದನ್ನು ಹಿರಿಯರು ಬಲ್ಲರು. ಮೋಟಾರು ಗಾಡಿಯಲ್ಲಿಯೂ ತತ್ತ್ವ ಅದೇ. ತಿರುಗುವ ಚಕ್ರದ ಒಳಭಾಗಕ್ಕೆ ಒಂದು ಗಡುಸಾದ ವಸ್ತುವನ್ನು ಒತ್ತಿ ಹಿಡಿದರೆ ಉಜ್ಜಾಟದಿಂದ ವೇಗವು ತಗ್ಗುತ್ತದೆ. ಆದರೆ ಚಾಲಕನ ಕಾಲಿನ ಬಲವೊಂದೇ ಎರಡು ಮೂರು ಟನ್ನಿನ ಗಾಡಿಯನ್ನು ನಿಲ್ಲಿಸಲಾರದು. ಅದಕ್ಕಾಗಿ ದ್ರವದ ಸಹಾಯವನ್ನು ಪಡೆಯುತ್ತಾರೆ. ನಾವು ಇದನ್ನು ಬ್ರೇಕ್ ಆಯಿಲ್ ಎನ್ನುತ್ತೇವೆ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದನ್ನು ಫ್ರಾನ್ಸ್ ದೇಶದ ಪಾಸ್ಕಲ್ ಎಂಬ ವಿಜ್ಞಾನಿಯು 17ನೆಯ ಶತಮಾನದಲ್ಲಿ ವಿವರಿಸಿದನು. ನಮ್ಮ ಪಿಕಪ್ ಗಾಡಿಯ ಬ್ರೇಕು ನಿಂತಿರುವುದು ಈ ನಿಯಮದ ಮೇಲೆಯೇ. ಕಾಲಿನ ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಆಯಿಲ್ ಒತ್ತಲ್ಪಡುತ್ತದೆ. ಆ ಒತ್ತಡವು ಕಬ್ಬಿಣದ ಸಣ್ಣ ಪೈಪುಗಳಲ್ಲಿಯೂ ರಬ್ಬರಿನ ಹೋಸುಗಳಲ್ಲಿಯೂ ಸಾಗಿ ನಾಲ್ಕು ಚಕ್ರಗಳನ್ನು ಮುಟ್ಟುತ್ತದೆ. ಅಲ್ಲಿ ಅದು ಲೈನಿಂಗನ್ನು ಡ್ರಮ್ಮಿಗೆ, ಇಲ್ಲವೆ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ನಡುವೆ ಬೂಸ್ಟರ್ ಎಂಬ ಸಾಧನವು ಇಂಜಿನ್ನಿನ ನೆರವಿನಿಂದ ಕಾಲಿನ ಬಲವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ದೊಡ್ಡ ಲಾರಿಗಳಲ್ಲಿ ಮಾತ್ರ ಆಯಿಲಿನ ಬದಲು ಒತ್ತಿದ ಗಾಳಿಯು ಈ ಕೆಲಸ ಮಾಡುತ್ತದೆ.

ಈ ಏರ್ಪಾಡಿನಲ್ಲಿ ಒಂದು ಪೈಪು ಸೋರಿದರೆ ಒತ್ತಡವು ಚಕ್ರಕ್ಕೆ ಮುಟ್ಟದೆ ಹೊರಗೆ ಹೋಗುತ್ತದೆ. ಆಯಿಲಿನಲ್ಲಿ ಗಾಳಿ ಸೇರಿದರೆ ತುಳಿದ ಬಲವೆಲ್ಲ ಗಾಳಿಯನ್ನು ಅಮುಕುವುದರಲ್ಲಿಯೇ ಮುಗಿಯುತ್ತದೆ, ಪೆಡಲು ಮೆತ್ತಗಾಗುತ್ತದೆ. ಇಳಿಜಾರಿನಲ್ಲಿ ಇಂಜಿನ್ ಆರಿಸಿದರೆ ಬೂಸ್ಟರಿನ ಸಹಾಯವು ಒಂದೆರಡು ತುಳಿತಕ್ಕೆ ಮುಗಿದುಹೋಗಿ ಪೆಡಲು ಕಲ್ಲಿನಂತಾಗುತ್ತದೆ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನ್ ಆರಿಸಿ ಗಾಡಿ ಬಿಡುವ ಅಭ್ಯಾಸವು ಪ್ರಾಣಕ್ಕೇ ಎರವು ಎಂಬುದನ್ನು ಇದರಿಂದ ಮನಗಾಣಬೇಕು.

ಬ್ರೇಕ್ ಆಯಿಲಿನ ಇನ್ನೊಂದು ಗುಣವನ್ನೂ ತಿಳಿದಿರಬೇಕು. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲು ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡ್ ಉಷ್ಣದವರೆಗೆ ಕುದಿಯಬಾರದೆಂದು ನಿಯಮವಿದೆ. ತೇವ ಹೀರಿದ ಮೇಲೆ ಈ ಮಿತಿಯು 140 ಡಿಗ್ರಿಗೆ ಇಳಿಯುತ್ತದೆ. ಭಾರ ಹೊತ್ತು ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ತುಳಿದರೆ ಡ್ರಮ್ಮು ಕಾಯ್ದು ಆಯಿಲು ಕುದಿಯುತ್ತದೆ, ಆವಿಯ ಗುಳ್ಳೆಗಳು ಹುಟ್ಟುತ್ತವೆ, ಪೆಡಲು ನೆಲಕ್ಕೆ ಹೋಗುತ್ತದೆ. ಆದಕಾರಣ ಕಂಪನಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ ಆಯಿಲನ್ನು ಬದಲಾಯಿಸತಕ್ಕದ್ದು. ಮದಲಿಂಗನ ಕಣಿವೆಯಂಥ ಕಡೆ ಇಳಿಯುವಾಗ, ಹತ್ತುವುದಕ್ಕೆ ಯಾವ ಗೇರು ಬೇಕೋ ಇಳಿಯುವುದಕ್ಕೂ ಅದೇ ಗೇರಿನಲ್ಲಿರಬೇಕು.

2. ಮೂರು ಬಗೆಯ ದೋಷಗಳು

ಬ್ರೇಕು ಕೈಕೊಡುವುದಕ್ಕೆ ಮೂರು ಬಗೆಯ ಕಾರಣಗಳಿವೆ. ಇವನ್ನು ಬೇರೆ ಬೇರೆಯಾಗಿ ನೋಡದಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುತ್ತದೆ.

ಮೊದಲನೆಯದು ಸವೆತ. ಲೈನಿಂಗು ಸವೆಯುತ್ತದೆ, ಹೋಸು ಹಳೆಯದಾಗಿ ಬಿರುಕು ಬಿಡುತ್ತದೆ. ಇದು ಸಹಜ. ಇದನ್ನು ನೋಡಿಕೊಳ್ಳುವುದು ಒಡೆಯನ ಹೊಣೆ.

ಎರಡನೆಯದು ನಾವೇ ತಂದುಕೊಂಡ ದೋಷ. ಇದರಲ್ಲಿ ಅತಿಭಾರವು ಮುಖ್ಯವಾದುದು. ಲೆಕ್ಕ ಮಾಡಿ ನೋಡೋಣ. ಸುಲಿಯದ ಒಂದು ಕಾಯಿ ಒಂದೂಕಾಲು ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೆ 2,000 ಕಾಯಿಗೆ 2,500 ಕಿಲೋ ಆಯಿತು. ಗಾಡಿಯ ದಾಖಲೆಯಲ್ಲಿ 1,500 ಕಿಲೋ ಹೊರಬಹುದೆಂದು ಇದ್ದರೆ, ನಾವು ಒಂದು ಟನ್ನು ಹೆಚ್ಚಿಗೆ ಹೇರಿದಂತಾಯಿತು. ಆ ಬ್ರೇಕನ್ನು ತಯಾರಿಸಿದವರು ಈ ಒಂದು ಟನ್ನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ವೇಗದ ವಿಷಯವೂ ಹೀಗೆಯೇ. ವೇಗವು ಗಂಟೆಗೆ 30 ಕಿಲೋಮೀಟರಿನಿಂದ 60ಕ್ಕೆ ಏರಿದರೆ, ಅಂದರೆ ಎರಡರಷ್ಟಾದರೆ, ಬ್ರೇಕು ತಡೆಯಬೇಕಾದ ಶಕ್ತಿಯು ನಾಲ್ಕರಷ್ಟಾಗುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಗಾಡಿಯು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಎದುರಿಗೆ ದನ ಬಂದುದನ್ನು ಕಂಡು ಕಾಲು ಪೆಡಲಿಗೆ ಹೋಗುವುದರೊಳಗೆ ಗಾಡಿಯು ಅಷ್ಟು ದೂರ ಮುಂದೆ ಹೋಗಿರುತ್ತದೆ.

ಹೆಚ್ಚು ಹೊರೆ ಹೊರಲೆಂದು ಹಿಂಬದಿಯ ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟು ಹಾಕಿಸುವವರೂ ಉಂಟು. ಅನೇಕ ಪಿಕಪ್ ಗಾಡಿಗಳಲ್ಲಿ ಹಿಂಭಾಗವು ಭಾರಕ್ಕೆ ಎಷ್ಟು ತಗ್ಗಿದೆ ಎಂಬುದನ್ನು ನೋಡಿ ಹಿಂಚಕ್ರದ ಬ್ರೇಕಿಗೆ ಒತ್ತಡವನ್ನು ಹಂಚುವ ಒಂದು ವಾಲ್ವು ಇರುತ್ತದೆ. ಹೆಚ್ಚುವರಿ ಪ್ಲೇಟು ಹಾಕಿದಾಗ ಹೊರೆಯಿದ್ದರೂ ಹಿಂಭಾಗ ತಗ್ಗುವುದಿಲ್ಲ. ವಾಲ್ವಿನ ಮಟ್ಟಿಗೆ ಗಾಡಿ ಖಾಲಿಯೇ! ಅದು ಹಿಂಬ್ರೇಕಿಗೆ ಕಡಮೆ ಒತ್ತಡವನ್ನು ಕೊಡುತ್ತದೆ. ಹೀಗೆ ಭಾರ ಹೆಚ್ಚಿ ಬ್ರೇಕು ತಗ್ಗುತ್ತದೆ. ಅತಿ ಆಸೆ ಗತಿಗೇಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೂರನೆಯದು ಕಾರ್ಖಾನೆಯ ದೋಷ. ಪೈಪನ್ನು ಸರಿಯಾಗಿ ಜೋಡಿಸಿಲ್ಲ, ಒಂದು ಪಿನ್ನಿನ ಲೋಹ ಚೆನ್ನಾಗಿಲ್ಲ, ರಬ್ಬರಿನ ಸೀಲು ಅಳತೆಗೆ ಸರಿಯಿಲ್ಲ—ಇಂಥವು. ಇದರಲ್ಲಿ ಒಡೆಯನ ತಪ್ಪೂ ಇಲ್ಲ, ಚಾಲಕನ ತಪ್ಪೂ ಇಲ್ಲ. ಈ ಪಾಠದ ಮುಖ್ಯ ವಿಷಯವಾದ ವಾಪಸು ಕರೆಯುವಿಕೆಯು, ಅರ್ಥಾತ್ ರೀಕಾಲ್, ಈ ಮೂರನೆಯ ಬಗೆಯ ದೋಷಕ್ಕೆ ಸಂಬಂಧಿಸಿದ್ದು.

3. ರೀಕಾಲ್ ಎಂದರೇನು?

ಒಂದು ನರ್ಸರಿಯಲ್ಲಿ ಒಂದೇ ಮಡಿಯ ಸಸಿಗಳನ್ನು ನೂರು ಜನ ರೈತರು ಕೊಂಡೊಯ್ದರೆಂದು ಭಾವಿಸಿ. ಹತ್ತು ಜನರ ತೋಟದಲ್ಲಿ ಒಂದೇ ರೋಗ ಕಂಡಿತು. ಆಗ ನರ್ಸರಿಯವನು ಮಾಡಬೇಕಾದುದೇನು? ಉಳಿದ ತೊಂಬತ್ತು ಜನರಿಗೂ ಹೇಳಿಕಳುಹಿಸಿ, ಸಸಿಗಳನ್ನು ಪರೀಕ್ಷಿಸಿ, ಕೆಟ್ಟವನ್ನು ತನ್ನ ಖರ್ಚಿನಲ್ಲಿಯೇ ಬದಲಾಯಿಸಿಕೊಡುವುದು ಧರ್ಮ. ಗಾಡಿಯ ವಿಷಯದಲ್ಲಿಯೂ ಹೀಗೆಯೇ. ಒಂದು ಅವಧಿಯಲ್ಲಿ ತಯಾರಾದ ಗಾಡಿಗಳಲ್ಲಿ ಒಂದೇ ಬಗೆಯ ದೋಷವಿರುವುದು ತಿಳಿದರೆ, ಆ ಅವಧಿಯ ಗಾಡಿಗಳನ್ನೆಲ್ಲ ಕಂಪನಿಯು ಕರೆಸಿ, ಪರೀಕ್ಷಿಸಿ, ದೋಷವಿದ್ದರೆ ಹಣ ತೆಗೆದುಕೊಳ್ಳದೆ ಸರಿಪಡಿಸುವುದೇ ರೀಕಾಲ್. ಗಾಡಿಯನ್ನು ಶಾಶ್ವತವಾಗಿ ಕಿತ್ತುಕೊಳ್ಳುತ್ತಾರೆಂಬ ಭಯ ಬೇಡ. ಸಾಮಾನ್ಯವಾಗಿ ಒಂದು ದಿನ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಗಾಡಿ ಒಯ್ದರೆ ಕೆಲಸವು ಮುಗಿಯುತ್ತದೆ.

ನಮ್ಮ ದೇಶದಲ್ಲಿ ನಡೆದ ಕೆಲವು ಉದಾಹರಣೆಗಳನ್ನು ನೋಡಿ. 2021ರಲ್ಲಿ ಮಹೀಂದ್ರ ಕಂಪನಿಯು 29,878 ಪಿಕಪ್ ಗಾಡಿಗಳನ್ನು ಪರೀಕ್ಷೆಗಾಗಿ ಕರೆಯಿತು. ಇವು 2020ರ ಜನವರಿಯಿಂದ 2021ರ ಫೆಬ್ರವರಿಯವರೆಗೆ ತಯಾರಾದವು. ದ್ರವ ಹರಿಯುವ ಒಂದು ಪೈಪಿನ ಜೋಡಣೆಯು ಸರಿಯಾಗಿಲ್ಲವೆಂಬ ಸಂಶಯವೇ ಅದಕ್ಕೆ ಕಾರಣ. 2022ರ ಅಕ್ಟೋಬರಿನಲ್ಲಿ ಮಾರುತಿ ಸುಜುಕಿ ಕಂಪನಿಯು ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್ ಎಂಬ ಮೂರು ಬಗೆಯ 9,925 ಕಾರುಗಳನ್ನು ಕರೆಯಿತು. ಹಿಂಚಕ್ರದ ಬ್ರೇಕಿನ ಒಂದು ಪಿನ್ನು ಮುರಿಯಬಹುದು, ಬಹುಕಾಲದ ಮೇಲೆ ಬ್ರೇಕಿನ ಶಕ್ತಿಗೆ ಕುಂದು ಬರಬಹುದು ಎಂಬುದು ಆಗಿನ ಶಂಕೆ. ಆ ಕಾರುಗಳು ತಯಾರಾದುದು ಆ ವರ್ಷದ ಆಗಸ್ಟ್ 3ರಿಂದ ಸೆಪ್ಟೆಂಬರ್ 1ರವರೆಗೆ ಮಾತ್ರ. ಇದೇ ಕಂಪನಿಯು ಸೂಪರ್ ಕ್ಯಾರಿ ಎಂಬ ತನ್ನ ಸಣ್ಣ ಸರಕು ಗಾಡಿಗಳಲ್ಲಿ 640ನ್ನು 2018ರ ಡಿಸೆಂಬರಿನಲ್ಲಿ ಇಂಧನದ ಪಂಪಿನ ದೋಷಕ್ಕಾಗಿ ಕರೆದಿತ್ತು.

ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು, ರೀಕಾಲ್ ಎಂದರೆ ಆ ಹೆಸರಿನ ಗಾಡಿಯೆಲ್ಲ ಕೆಟ್ಟದ್ದೆಂದಲ್ಲ. ತಯಾರಾದ ತಿಂಗಳು, ಚಾಸಿಸ್ ನಂಬರು ಇವುಗಳಿಂದಲೇ ನಿಮ್ಮ ಗಾಡಿ ಅದರಲ್ಲಿ ಸೇರಿದೆಯೇ ಎಂದು ತಿಳಿಯಬೇಕು. ಎರಡನೆಯದು, ತಾನಾಗಿಯೇ ದೋಷವನ್ನು ಒಪ್ಪಿ ಗಾಡಿ ಕರೆಯುವ ಕಂಪನಿಯನ್ನು ಹೀಗಳೆಯಬಾರದು. ಅಡಗಿಸಿಡುವುದೇ ನಿಜವಾದ ಅಪರಾಧ.

4. ದೋಷವನ್ನು ಅಡಗಿಸಿದ್ದರ ಫಲ

ಜಪಾನ್ ದೇಶದಲ್ಲಿ ಗಾಡಿ ವಾಪಸು ಕರೆಯುವ ಪದ್ಧತಿಯು 1969ರಷ್ಟು ಹಿಂದೆಯೇ ಆರಂಭವಾಯಿತು. ಹಾಗಿದ್ದರೂ ಅಲ್ಲಿನ ಮಿತ್ಸುಬಿಶಿ ಮೋಟಾರ್ಸ್ ಕಂಪನಿಯು ಗಿರಾಕಿಗಳ ದೂರುಗಳನ್ನು ಬಹುಕಾಲ ಸರಕಾರಕ್ಕೆ ತಿಳಿಸದೆ ಬಚ್ಚಿಟ್ಟಿದ್ದುದು 2000ರಲ್ಲಿ ಬಯಲಾಯಿತು. 2002ರ ಜನವರಿಯಲ್ಲಿ ಯೊಕೊಹಾಮಾ ನಗರದಲ್ಲಿ ಆ ಕಂಪನಿಯ ಒಂದು ದೊಡ್ಡ ಲಾರಿಯ ಚಕ್ರವು ಕಳಚಿ ಬಂದು, ದಾರಿಯಲ್ಲಿ ನಡೆದುಹೋಗುತ್ತಿದ್ದ ಒಬ್ಬ ತಾಯಿಯು ಮೃತಳಾದಳು. ಅವಳ ಇಬ್ಬರು ಮಕ್ಕಳಿಗೆ ಗಾಯಗಳಾದವು. ಅದೇ ವರ್ಷ ಅಕ್ಟೋಬರಿನಲ್ಲಿ ಯಮಗುಚಿ ಪ್ರಾಂತ್ಯದಲ್ಲಿ ಇನ್ನೊಂದು ಲಾರಿಯ ಕ್ಲಚ್ಚಿನ ಕವಚದ ದೋಷದಿಂದ ಅಡಿಯಲ್ಲಿ ತಿರುಗುವ ಉದ್ದನೆಯ ಶಾಫ್ಟು ಕಳಚಿತು. ಬ್ರೇಕಿನ ಪೈಪು ಕೆಟ್ಟಿತು. ಬ್ರೇಕು ಹಿಡಿಯದೆ ಚಾಲಕನು ಸತ್ತನು. ಮೊದಲು ಇವನ್ನು ಲಾರಿಯ ಒಡೆಯರು ಸರಿಯಾಗಿ ನೋಡಿಕೊಳ್ಳದ ಫಲವೆಂದೇ ಹೇಳಲಾಗಿತ್ತು. ಕೊನೆಗೆ ದೋಷವು ಕಾರ್ಖಾನೆಯದೆಂದು 2004ರಲ್ಲಿ ಹೊರಬಿತ್ತು. ದೊಡ್ಡ ಅಧಿಕಾರಿಗಳು ಸೆರೆಯಾದರು. 2008ರ ಜನವರಿಯಲ್ಲಿ ಯೊಕೊಹಾಮಾದ ನ್ಯಾಯಾಲಯವು ಬ್ರೇಕು ತಪ್ಪಿದ ಪ್ರಕರಣದಲ್ಲಿ ಕಂಪನಿಯ ಹಿಂದಿನ ಅಧ್ಯಕ್ಷನೂ ಸೇರಿದಂತೆ ಮೇಲಧಿಕಾರಿಗಳನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು.

ಸತ್ತ ಆ ಚಾಲಕನೂ ನಮ್ಮ ಹುಡುಗರಂತೆ ದುಡಿಮೆಗೆ ಹೊರಟವನೇ. ಅವನಿಗಿಂತ ಮೊದಲು ಅದೇ ದೋಷವನ್ನು ಕಂಡವರು ದೂರು ಕೊಟ್ಟಿದ್ದರು. ಆ ದೂರುಗಳು ಸರಕಾರದ ಕಣ್ಣಿಗೆ ಬೀಳಲಿಲ್ಲ. ಆದಕಾರಣ ದೂರು ಕೊಡುವುದೂ, ಅದು ಸರಿಯಾದ ಕಡೆಗೆ ಮುಟ್ಟುವಂತೆ ಮಾಡುವುದೂ ಇನ್ನೊಬ್ಬರ ಪ್ರಾಣವನ್ನು ಉಳಿಸುವ ಕೆಲಸ.

5. ನಮ್ಮ ದೇಶದ ಕಾಯಿದೆ

ಅಮೆರಿಕದಲ್ಲಿ 1966ರಲ್ಲಿಯೇ ವಾಹನ ಸುರಕ್ಷತೆಯ ಕಾಯಿದೆಯು ಬಂದಿತು. ನಮ್ಮಲ್ಲಿ ವಾಹನ ತಯಾರಕರ ಸಂಘವು 2012ರ ಜುಲೈಯಲ್ಲಿ ಸ್ವಯಂಪ್ರೇರಣೆಯ ನಿಯಮಾವಳಿಯನ್ನು ಮಾಡಿಕೊಂಡಿತು. ಆಗ ಗಾಡಿಯನ್ನು ಕರೆಯುವುದು ಬಿಡುವುದು ಕಂಪನಿಯ ಇಚ್ಛೆಗೆ ಸೇರಿತ್ತು. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ ತಿದ್ದುಪಡಿಯಾಗಿ 110-ಎ ಎಂಬ ಹೊಸ ಕಲಮು ಸೇರಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಅದರ ಸಾರಾಂಶವು ಹೀಗಿದೆ:

(ಅ) ಗಾಡಿಯ ದೋಷದಿಂದ ಚಾಲಕನಿಗೆ, ಒಳಗಿರುವವರಿಗೆ, ರಸ್ತೆಯಲ್ಲಿರುವ ಇತರರಿಗೆ ಅಥವಾ ಪರಿಸರಕ್ಕೆ ಹಾನಿಯಾಗುವಂತಿದ್ದರೆ ಆ ಬಗೆಯ ಗಾಡಿಗಳನ್ನು ವಾಪಸು ಕರೆಯುವಂತೆ ಕೇಂದ್ರ ಸರಕಾರವು ಕಂಪನಿಗೆ ಆಜ್ಞೆ ಮಾಡಬಹುದು.

(ಆ) ಈ ದೋಷವು ಗೊತ್ತುಪಡಿಸಿದಷ್ಟು ಸಂಖ್ಯೆಯ ಒಡೆಯರ ದೂರಿನಿಂದಾಗಲಿ, ಪರೀಕ್ಷಾ ಸಂಸ್ಥೆಯಿಂದಾಗಲಿ, ಬೇರೆ ಮೂಲದಿಂದಾಗಲಿ ಸರಕಾರಕ್ಕೆ ತಿಳಿಯಬಹುದು.

(ಇ) ಆಜ್ಞೆಯಾದ ಮೇಲೆ ಕಂಪನಿಯು ಗಾಡಿಯನ್ನು ಸರಿಪಡಿಸಬೇಕು, ಇಲ್ಲವೆ ಅದೇ ಗುಣದ ಬೇರೆ ಗಾಡಿ ಕೊಡಬೇಕು, ಇಲ್ಲವೆ ಗಾಡಿಯ ಬೆಲೆಯನ್ನು ಹಿಂದಿರುಗಿಸಬೇಕು. ಇದಲ್ಲದೆ ಗಾಡಿಯ ಬಗೆ ಮತ್ತು ಸಂಖ್ಯೆಗೆ ಅನುಸಾರವಾಗಿ 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ ದಂಡ ತೆರಬೇಕಾದೀತು.

(ಈ) ಕಂಪನಿಯೇ ದೋಷವನ್ನು ಕಂಡು, ಸರಕಾರಕ್ಕೆ ತಿಳಿಸಿ, ಗಾಡಿಗಳನ್ನು ಕರೆದರೆ ದಂಡವಿಲ್ಲ.

ಹೀಗೆ ಆಜ್ಞೆಯಿಂದ ಕರೆಸುವುದು 7 ವರ್ಷ ಮೀರದ ಗಾಡಿಗಳಿಗೆ ಅನ್ವಯಿಸುತ್ತದೆ. ಒಡೆಯರು ದೂರು ಸಲ್ಲಿಸುವುದಕ್ಕೆ ಸಾರಿಗೆ ಮಂತ್ರಾಲಯದ ವಾಹನ್ ಜಾಲತಾಣದಲ್ಲಿ ಏರ್ಪಾಡಿದೆ. ಒಬ್ಬನ ದೂರಿನಿಂದ ಏನಾದೀತು ಎಂದು ಸುಮ್ಮನಿರಬಾರದು. ದೂರುಗಳ ಸಂಖ್ಯೆಯೇ ಇಲ್ಲಿ ಮುಖ್ಯವಾದುದರಿಂದ, ಹನಿಗೂಡಿದರೆ ಹಳ್ಳ ಎಂಬ ಮಾತು ಅಕ್ಷರಶಃ ಸತ್ಯ.

6. ಕಾಗದ ಯಾರ ಮನೆಗೆ ಹೋಯಿತು?

ನಮ್ಮ ಹಳ್ಳಿಗಳಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಯಿಂದ ತೊಂದರೆ ಬರುವುದುಂಟು. ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಕಿಬ್ಬನಹಳ್ಳಿ ಕ್ರಾಸಿನ ಆಚೆಯ ಒಂದು ಹಳ್ಳಿ. ಸಂಜೆ ಹೊತ್ತು. ಅಂಗಳದಲ್ಲಿ ಕೊಬ್ಬರಿ ಚೀಲ ಹೇರಿದ ಪಿಕಪ್ ಗಾಡಿ ನಿಂತಿದೆ.

“ದೊಡ್ಡಪ್ಪ, ನಾಳೆ ಮಂಡಿಗೆ ಗಾಡಿ ಬೇಡ. ನಿನ್ನೆಯಿಂದ ಪೆಡಲ್ ಒಳಕ್ಕೆ ಹೋಗ್ತೈತೆ. ಎರಡು ಸಲ ತುಳಿದ್ರೆ ಹಿಡೀತೈತೆ.”

“ಎರಡು ಸಲ ತುಳಿ, ಅಷ್ಟೇ ತಾನೆ? ನಾಳೆ ಒಳ್ಳೆ ರೇಟು ಐತಂತೆ ಕಣಪ್ಪ.”

“ಎರಡನೇ ಸಲ ತುಳಿಯೋದಕ್ಕೆ ಎದುರಿಗೆ ಬಂದೋರು ಬಿಡಬೇಕಲ್ಲ ದೊಡ್ಡಪ್ಪ. ಗಾಡಿ ಮಾರಿದ್ರಲ್ಲ, ತುರುವೇಕೆರೆ ಅಣ್ಣ, ಅವರು ಇವತ್ತು ಸಿಕ್ಕಿದ್ರು. ಕಂಪನಿಯಿಂದ ಹೋದ ವರ್ಷವೇ ಅವರ ಮನೆಗೆ ಕಾಗದ ಬಂದಿತ್ತಂತೆ. ಬ್ರೇಕಿಂದು ಏನೋ ಬದಲಾಯಿಸ್ತೀವಿ, ಗಾಡಿ ತನ್ನಿ ಅಂತ. ಗಾಡಿ ಮಾರಾಯ್ತಲ್ಲ ಅಂತ ಅದನ್ನ ಮಡಚಿಟ್ರಂತೆ.”

ದೊಡ್ಡಪ್ಪನವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹೋದ ವಾರ ಕಾಯಿ ಕೀಳೋ ಹುಡುಗರು ಆರು ಜನ ಅದರ ಮೇಲೇ ಕೂತು ಬಂದ್ರಲ್ಲೋ” ಎಂದರು. ಮರುದಿನ ಚೀಲಗಳು ಬಾಡಿಗೆ ಗಾಡಿಯಲ್ಲಿ ಹೋದವು.

ಇದು ಕಟ್ಟಿದ ಸಂದರ್ಭವಾದರೂ ಇದರೊಳಗಿನ ಸಂಗತಿ ನಿಜವಾದುದು. ಕಂಪನಿಯು ತನ್ನ ಪುಸ್ತಕದಲ್ಲಿರುವ ವಿಳಾಸಕ್ಕೆ ಕಾಗದ ಬರೆಯುತ್ತದೆ, ಇರುವ ಫೋನ್ ನಂಬರಿಗೆ ಸಂದೇಶ ಕಳುಹಿಸುತ್ತದೆ. ಗಾಡಿಯು ಎರಡು ಕೈ ಬದಲಾಗಿದ್ದರೆ ಆ ಸುದ್ದಿಯು ಈಗಿನ ಒಡೆಯನಿಗೆ ಮುಟ್ಟುವುದೇ ಇಲ್ಲ. ಅದಲ್ಲದೆ ಆರ್.ಸಿ. ಪುಸ್ತಕವನ್ನು ಹಳೆಯ ಒಡೆಯನ ಹೆಸರಿನಲ್ಲಿಯೇ ಬಿಟ್ಟುಕೊಂಡು ವರ್ಷಗಟ್ಟಲೆ ಗಾಡಿ ಓಡಿಸುವವರಿದ್ದಾರೆ. ಕೊಂಡವನು 30 ದಿನಗಳೊಳಗೆ ತನ್ನ ಹೆಸರಿಗೆ ವರ್ಗಾವಣೆಗೆ ಅರ್ಜಿ ಹಾಕಬೇಕೆಂದು ಕಾಯಿದೆಯಿದೆ. ಇದಕ್ಕೆ 29 ಮತ್ತು 30ನೆಯ ನಮೂನೆಗಳನ್ನು ಉಪಯೋಗಿಸುತ್ತಾರೆ. ಕೆಎ-44 ಎಂದು ಆರಂಭವಾಗುವ ನಂಬರಿನ ಗಾಡಿಗಳು ನಮ್ಮ ತಿಪಟೂರಿನ ಸಾರಿಗೆ ಕಚೇರಿಯಲ್ಲಿ ನೋಂದಾಯಿಸಿದವು. ಅಲ್ಲಿಗೆ ಒಂದು ದಿನ ಹೋಗಿಬರುವ ಶ್ರಮಕ್ಕೆ ಅಂಜಿ ಪ್ರಾಣವನ್ನು ಅಪಾಯಕ್ಕೆ ಒಡ್ಡಕೂಡದು.

7. ಒಡೆಯನು ಮಾಡತಕ್ಕ ಕೆಲಸಗಳು

ಒಂದು: ಆರ್.ಸಿ.ಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರು, ತಯಾರಾದ ತಿಂಗಳು ಮತ್ತು ವರ್ಷ ಇವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿ, ಈ ನಂಬರಿನ ಗಾಡಿಗೆ ಯಾವುದಾದರೂ ರೀಕಾಲ್ ಬಾಕಿ ಇದೆಯೇ ಎಂದು ವಿಚಾರಿಸಿ. ಹಲವು ಕಂಪನಿಗಳ ಜಾಲತಾಣದಲ್ಲಿ ನಂಬರು ಹಾಕಿ ನೋಡುವ ಏರ್ಪಾಡಿದೆ. ಮನೆಯ ಓದಿದ ಮಕ್ಕಳಿಗೆ ಇದು ಐದು ನಿಮಿಷದ ಕೆಲಸ. ಹಳೆಯ ಗಾಡಿಯನ್ನು ಕೊಳ್ಳುವ ಮುಂಚೆಯೇ ಇದನ್ನು ಮಾಡುವುದು ಉತ್ತಮ.

ಎರಡು: ನಿಮ್ಮ ಈಗಿನ ವಿಳಾಸ, ಫೋನ್ ನಂಬರುಗಳನ್ನು ಸಾರಿಗೆ ಕಚೇರಿಯ ದಾಖಲೆಯಲ್ಲಿಯೂ ಸರ್ವಿಸ್ ಕೇಂದ್ರದಲ್ಲಿಯೂ ಬರೆಸಿಡಿ. ಗಾಡಿ ಮಾರಿದ ಮೇಲೆ ಕಂಪನಿಯ ಕಾಗದ ಬಂದರೆ ಕೊಂಡವರಿಗೆ ತಪ್ಪದೆ ಮುಟ್ಟಿಸಿ.

ಮೂರು: ಕರೆ ಬಂದರೆ ಗಾಡಿಯನ್ನು ತಡಮಾಡದೆ ಒಯ್ಯಿರಿ. ರೀಕಾಲಿನ ಕೆಲಸಕ್ಕೆ ಹಣ ಕೇಳುವಂತಿಲ್ಲ. ಮಾಡಿದ ಕೆಲಸವನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿಯನ್ನು ಆರ್.ಸಿ.ಯ ಜೊತೆ ಇಡಿ. ರೀಕಾಲ್ ಎಂಬ ಹೆಸರಿನಲ್ಲಿ ಯಾರಾದರೂ ಫೋನ್ ಮಾಡಿ ಹಣವನ್ನೋ ಬ್ಯಾಂಕಿನ ಓ.ಟಿ.ಪಿ.ಯನ್ನೋ ಕೇಳಿದರೆ ಅದು ಮೋಸವೆಂದು ತಿಳಿಯಿರಿ.

ನಾಲ್ಕು: ದಿನವೂ ಗಾಡಿ ತೆಗೆಯುವ ಮುಂಚೆ ಎರಡು ನಿಮಿಷ ಪರೀಕ್ಷೆ ಮಾಡಿ. ಚಕ್ರಗಳ ಒಳಬದಿಯಲ್ಲಿ, ನೆಲದ ಮೇಲೆ ಆಯಿಲ್ ಸೋರಿದೆಯೇ ನೋಡಿ. ಡಬ್ಬಿಯಲ್ಲಿ ಆಯಿಲಿನ ಮಟ್ಟ ನೋಡಿ. ಪದೇ ಪದೇ ಇಳಿಯುತ್ತಿದ್ದರೆ ಅದು ಎಲ್ಲೋ ಸೋರುತ್ತಿದೆ, ಇಲ್ಲವೆ ಲೈನಿಂಗು ಸವೆದಿದೆ. ಇಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ತುಳಿದು, ತುಳಿದೇ ಇಟ್ಟುಕೊಂಡು ಇಂಜಿನ್ ಆರಂಭಿಸಿ. ಪೆಡಲು ತುಸು ಕೆಳಗಿಳಿದರೆ ಬೂಸ್ಟರು ಸರಿಯಾಗಿದೆ. ಆಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಪೆಡಲು ನಿಧಾನವಾಗಿ ಜಾರುತ್ತಲೇ ಹೋದರೆ ಗಾಡಿಯನ್ನು ರಸ್ತೆಗೆ ತೆಗೆಯಕೂಡದು.

ಐದು: ಬ್ರೇಕ್ ಆಯಿಲಿನ ಡಬ್ಬಿಗೆ ಇಂಜಿನ್ ಆಯಿಲನ್ನು ಎಂದಿಗೂ ಹಾಕಬಾರದು. ರಬ್ಬರಿನ ಸೀಲುಗಳು ಉಬ್ಬಿ ಇಡೀ ಬ್ರೇಕೇ ಕೆಡುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನೇ ಹಾಕಬೇಕು.

ಆರು: ಹೇರುವಾಗಲೂ ಇಳಿಸುವಾಗಲೂ ಕೈಬ್ರೇಕಿನ ಜೊತೆಗೆ ಚಕ್ರಕ್ಕೆ ಕಲ್ಲು ಕೊಡಿ. ಹೊರೆಯ ಮೇಲೆ ಆಳುಗಳನ್ನು ಕೂರಿಸಬೇಡಿ. ಸರಕಿನ ಗಾಡಿಯಲ್ಲಿ ಹೀಗೆ ಕುಳಿತವರಿಗೆ ಅಪಘಾತವಾದರೆ ವಿಮೆಯ ಹಣ ಸಿಗುವುದು ಕಷ್ಟ; ಪರಿಹಾರದ ಹೊರೆಯು ಒಡೆಯನ ತೋಟದ ಮೇಲೆಯೇ ಬೀಳಬಹುದು. ಹೆಚ್ಚು ತೂಕ ಹೇರಿದರೆ ಕಾಯಿದೆಯ 194ನೆಯ ಕಲಮಿನಂತೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಇದೆ.

ಏಳು: ಎಫ್.ಸಿ. ಮಾಡಿಸುವುದನ್ನು ಬರಿಯ ಕಾಗದದ ಕೆಲಸವೆಂದು ಭಾವಿಸಬೇಡಿ. ಸರಕು ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಪರೀಕ್ಷೆ ಮಾಡಿಸಬೇಕೆಂಬ ನಿಯಮವು ಒಡೆಯನ ರಕ್ಷಣೆಗಾಗಿಯೇ ಇದೆ.

8. ಕಂಪನಿಯು ಕಿವಿಗೊಡದಿದ್ದರೆ

ಹೊಸ ಗಾಡಿಯಲ್ಲಿ ಬ್ರೇಕಿನ ದೋಷವು ಮತ್ತೆ ಮತ್ತೆ ಬರುತ್ತಿದೆ, ಸರ್ವಿಸ್ ಕೇಂದ್ರದವರು ಚಾಲಕನ ಮೇಲೆಯೇ ತಪ್ಪು ಹೊರಿಸುತ್ತಿದ್ದಾರೆ ಎನ್ನೋಣ. ಆಗ ಬಾಯಿಮಾತಿನ ಜಗಳದಿಂದ ಪ್ರಯೋಜನವಿಲ್ಲ. ಪ್ರತಿ ಸಲವೂ ದೂರನ್ನು ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲಿಯೇ ಬರೆಸಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಫೋಟೋ ತೆಗೆದಿಡಿ. ವಾಹನ್ ಜಾಲತಾಣದಲ್ಲಿ ದೂರು ಸಲ್ಲಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915; ಅಲ್ಲಿಗೂ ತಿಳಿಸಿ.

ಅದಕ್ಕೂ ಬಗ್ಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ವ್ಯಾಪಾರಕ್ಕೆಂದು ಕೊಂಡ ವಸ್ತುವಿಗೆ ಗ್ರಾಹಕರ ಕಾಯಿದೆಯು ಅನ್ವಯಿಸುವುದಿಲ್ಲವೆಂದು ಎದುರು ಪಕ್ಷದವರು ವಾದಿಸಬಹುದು. ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕಾಗಿಯೇ ಗಾಡಿ ಕೊಂಡವನು ಗ್ರಾಹಕನೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೇ ಹೇಳುತ್ತದೆ. ಕೆಟ್ಟ ಸರಕಿನಿಂದ ಹಾನಿಯಾದರೆ ತಯಾರಿಸಿದವನು ಹೊಣೆಯೆಂಬ ಅಧ್ಯಾಯವೂ ಅದರಲ್ಲಿದೆ. ತನ್ನ ಕಾಯಿಯನ್ನು ತಾನೇ ಸಾಗಿಸುವ ರೈತನು ಧೈರ್ಯವಾಗಿ ಮುಂದೆ ಹೋಗಬಹುದು.

9. ನೆನಪಿನಲ್ಲಿಡಬೇಕಾದ ಮಾತುಗಳು

ರೀಕಾಲ್ ಕಾಗದವು ದಂಡದ ನೋಟೀಸಲ್ಲ. ಅದು ನಿಮ್ಮ ಹಕ್ಕು. ಕಾಗದ ಬರಲಿಲ್ಲವೆಂದು ಸುಮ್ಮನಿರಬೇಡಿ. ಚಾಸಿಸ್ ನಂಬರು ಹಿಡಿದು ನೀವೇ ವಿಚಾರಿಸಿ. ಕಂಪನಿಯು ಸರಿಪಡಿಸಿಕೊಟ್ಟ ಬ್ರೇಕಿನ ಮೇಲೆ ಅತಿಭಾರ ಹೇರಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಪೆಡಲು ಸ್ವಲ್ಪ ಬದಲಾದರೂ ಅಂದಿನ ಬಾಡಿಗೆಯನ್ನು ಬಿಡಿ, ಗಾಡಿಯನ್ನು ನಿಲ್ಲಿಸಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.

10. ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

(1) ನಮ್ಮ ಊರಿನಲ್ಲಿ ಸರಕು ಗಾಡಿಗಳೆಷ್ಟು? ಅವುಗಳಲ್ಲಿ ಈಗಿನ ಒಡೆಯರ ಹೆಸರಿಗೆ ಆರ್.ಸಿ. ವರ್ಗಾವಣೆಯಾಗದವು ಎಷ್ಟು?

(2) ಎಷ್ಟು ಗಾಡಿಗಳ ಚಾಸಿಸ್ ನಂಬರನ್ನು ರೀಕಾಲಿಗಾಗಿ ಪರೀಕ್ಷಿಸಲಾಗಿದೆ? ಉಳಿದವನ್ನು ಪರೀಕ್ಷಿಸಿಕೊಡಲು ಯಾವ ವಿದ್ಯಾವಂತ ಯುವಕ ಯುವತಿಯರು ಮುಂದೆ ಬರುವರು?

(3) ನಮ್ಮ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬ್ರೇಕು ಇದೆಯೇ? ಇಲ್ಲದಿದ್ದರೆ ಇಳಿಜಾರಿನಲ್ಲಿ ಹೇರಿದ ಟ್ರೇಲರು ಟ್ರ್ಯಾಕ್ಟರನ್ನೇ ತಳ್ಳಿದಾಗ ಏನಾದೀತು?

(4) ಕಾಯಿ ಕೀಳುವವರೂ ಸುಲಿಯುವವರೂ ಹೊರೆಯ ಮೇಲೆ ಕುಳಿತು ಬರದಂತೆ ಬೇರೆ ಯಾವ ಏರ್ಪಾಡು ಮಾಡಬಹುದು?

ಈ ಪ್ರಶ್ನೆಗಳಿಗೆ ಉತ್ತರವನ್ನು ಅರಳಿಕಟ್ಟೆಯ ಮೇಲೆ ಕುಳಿತು ಎಲ್ಲರೂ ಕೂಡಿ ಹುಡುಕಿರಿ. ಒಂದು ಸಂಜೆ, ಒಂದು ನೋಟುಬುಕ್ಕು, ಊರಿನ ಎಲ್ಲ ಗಾಡಿಗಳ ನಂಬರು—ಇಷ್ಟು ಸಾಕು. ಕೊಬ್ಬರಿಯ ಧಾರಣೆಯು ಇಂದು ಇಳಿದರೆ ನಾಳೆ ಏರೀತು. ಗಾಡಿಯಲ್ಲಿ ಹೋದ ಮಗನು ಕ್ಷೇಮವಾಗಿ ಮನೆಗೆ ಹಿಂದಿರುಗುವುದಕ್ಕಿಂತ ದೊಡ್ಡ ಧಾರಣೆಯಿಲ್ಲ.